ಸಾಲ ಇದ್ದವರನ್ನು ನಂಬಬಹುದೇ?

ಮಾವ ಚಾಮರಾಜನಗರದಲ್ಲಿದ್ದಾರೆ, ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಹುಡುಗಿ ಅವರ ಅಕ್ಕನ ಮಗಳು, ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ ಕಡೆಯವಳು. ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಆಯ್ಕೆಯಾಗಿದ್ದಾಳೆ, ಇನ್ನೂ ಸೇರಿಲ್ಲ.

ಹುಡುಗಿ: ಪಟ್ಟಿಯಲ್ಲಿ ಹೆಸರು ಬಂದಾಗಿಂದ ಊರೆಲ್ಲ ಸ್ವೀಟ್ ಕೇಳ್ತಿದೆ ಮಾವ, ನನಗೆ ಮಾತ್ರ ನಿದ್ದೆ ಹತ್ತುತಿಲ್ಲ. ಅಧಿಸೂಚನೇನ ಮತ್ತೆ ಓದಿದೆ. ಸೇರೋ ಹೊತ್ತಿಗೆ ಸಾಲದ ಚರಿತ್ರೆ ತೋರಿಸೋ ಸಿಬಿಲ್ ವರದಿ ಸರಿ ಇರಬೇಕಂತೆ. ಏನಾದರೂ ಕೆಟ್ಟದ್ದು ಕಂಡರೆ ಸಾಲ ಕೊಟ್ಟವರಿಂದ ಬಾಕಿ ಇಲ್ಲ ಅನ್ನೋ ಎನ್‌ಒಸಿ ತರಬೇಕು, ತರದೆ ಹೋದರೆ ನೇಮಕಾತಿ ಪತ್ರವನ್ನೇ ವಾಪಸ್ ತಗೊಳ್ಳಬಹುದು ಅಂತ ಬರೆದಿದ್ದಾರೆ. ನಮ್ಮ ಮನೇಲಿ ಸಾಲ ಇಲ್ಲದೋರು ಯಾರಿದ್ದಾರೆ ಹೇಳಿ.

ಮಾವ: ಮನೇಲಿ ಯಾರ‍್ಯಾರು ಎಲ್ಲೆಲ್ಲಿ ಸಾಲ ಮಾಡಿದ್ದಾರೆ, ಅದನ್ನ ಮೊದಲು ಹೇಳು. ಎಲ್ಲಾನೂ ಒಂದೇ ಗಂಟು ಕಟ್ಟಬೇಡ.

ಹುಡುಗಿ: ಅಪ್ಪಂದು ಸೊಸೈಟಿ ಬೆಳೆಸಾಲ ಇದೆ, ಬೋರ್ ಕೊರೆಸಿದ್ದು ಬೇರೆ ಇದೆ. ಅವ್ವಂದು ಎರಡು ಸಂಘದ ಸಾಲ, ವಾರದ ಕಂತು. ಅಣ್ಣ ಫೈನಾನ್ಸ್‌ನಲ್ಲಿ ಬೈಕ್ ತಗೊಂಡಿದ್ದಾನೆ. ನನ್ನದು ಎಜುಕೇಶನ್ ಲೋನ್. ಸಣ್ಣ ಈರುಳ್ಳಿ ರೇಟು ಬಿದ್ದೋಯ್ತಲ್ಲ, ಆಗಿಂದ ನನ್ನ ಕಂತು ನಿಂತಿದೆ.

ಮಾವ: ಅಪ್ಪನ ಸಾಲ ಪಹಣಿಯ ಋಣದ ಕಾಲಂನಲ್ಲಿ ಕಾಣುತ್ತೆ, ಅದು ಜಮೀನಿನ ಮೇಲಿನ ಭಾರ. ಅವ್ವಂದು ಅವ್ವನ ಲೆಕ್ಕದಲ್ಲಿ ಇರುತ್ತೆ. ಸಿಬಿಲ್ ವರದಿ ಅನ್ನೋದು ಒಬ್ಬೊಬ್ಬರದ್ದು ಒಂದೊಂದು, ಮನೆ ರೇಷನ್ ಕಾರ್ಡ್ ಥರ ಅಲ್ಲ. ಅವರಿಬ್ಬರ ಸಾಲಕ್ಕೆ ನಿನ್ನ ಕೆಲಸ ಹೋಗಲ್ಲ. ನಿನ್ನ ಎಜುಕೇಶನ್ ಲೋನ್ ಮಾತ್ರ ನಿನ್ನದೇ, ಅಪ್ಪ ಜೊತೆಗೆ ಸಹಿ ಹಾಕಿರ‍್ತಾರೆ ಅಷ್ಟೇ. ಬೈಕಿಗೆ ಜಾಮೀನು ಯಾರು?

ಹುಡುಗಿ: ನಾನೇ.

ಮಾವ: ಹಂಗಾದ್ರೆ ಅದೂ ನಿನ್ನ ವರದಿಯಲ್ಲಿ ಬರುತ್ತೆ ಕೂಸೇ. ಅವನು ಕಟ್ಟದಿದ್ದರೆ ಕಪ್ಪುಚುಕ್ಕೆ ಇಬ್ಬರಿಗೂ. ಜಾಮೀನಿಗೆ ಸಹಿ ಹಾಕುವಾಗ ನಮ್ಮ ಕಡೆ ಅದನ್ನ ಒಂದು ಉಪಕಾರ ಅಂದುಕೋತಾರೆ, ಕಾನೂನು ಅದನ್ನ ಸಾಲ ಅಂತಲೇ ನೋಡುತ್ತೆ.

ಹುಡುಗಿ: ನೀವೂ ಮೂವತ್ತು ವರ್ಷ ಆ ಕಡೆ ಕೂತಿದ್ದವರು. ನೀವೇ ಹೇಳಿ, ಸಾಲ ಇದ್ದವಳು ಕೌಂಟರ್‌ನಲ್ಲಿ ಕೂತರೆ ಕಳ್ಳಿ ಆಗ್ತಾಳಾ?

ಮಾವ: ಆಗಲ್ಲ. ಆದರೆ ಕೇಳೋದು ತಪ್ಪು ಅಂತ ನಾನು ಹೇಳಲಾರೆ. ಒಂದು ಸಲ ಸಂಜೆ ಕ್ಯಾಷ್ ಮುಚ್ಚೋವಾಗ ಒಂದು ಕಟ್ಟು ಯಾಕೋ ಸಡಿಲ ಅನ್ನಿಸ್ತು. ಸುತ್ತಿದ ಸ್ಲಿಪ್ ಮೇಲೆ ಸೀಲು, ತಾರೀಕು, ಸಹಿ ಎಲ್ಲ ಸರಿಯಾಗಿತ್ತು. ಎಣಿಸಿದರೆ ನೂರರ ಜಾಗದಲ್ಲಿ 97 ನೋಟು. ಇನ್ನೊಂದು ಕಟ್ಟಲ್ಲೂ ಹಾಗೇ. ಆ ಕ್ಯಾಷಿಯರ್ ಒಳ್ಳೆ ಕೆಲಸಗಾರ, ಗಿರಾಕಿಗಳ ಹತ್ರ ಒಂದು ಒರಟು ಮಾತು ಆಡಿದವನಲ್ಲ. ಮೀಟರ್ ಬಡ್ಡಿಗೆ ಸಿಕ್ಕಿಹಾಕಿಕೊಂಡಿದ್ದ. ಬಡ್ಡಿಯವನು ಮಧ್ಯಾಹ್ನ ಊಟದ ಹೊತ್ತಿಗೆ ಬ್ಯಾಂಕಿನ ಮುಂದೆಯೇ ಬಂದು ನಿಲ್ಲೋನು. ಅವನನ್ನ ನಾವು ಯಾರೋ ನೆಂಟರು ಅಂದುಕೊಂಡಿದ್ವಿ.

ಹುಡುಗಿ: ಆತನ ಸಿಬಿಲ್ ಹೇಗಿತ್ತು?

ಮಾವ: ಏನೂ ಇಲ್ಲ, ಶುದ್ಧ. ಬ್ಯಾಂಕಿಗೆ ಒಂದು ಕಂತೂ ತಪ್ಪಿಸಿದವನಲ್ಲ. ಮೀಟರ್ ಬಡ್ಡಿ, ಕೈಸಾಲ, ಚೀಟಿ ಬಾಕಿ, ಇವು ಯಾವುದೂ ಅಲ್ಲಿ ಬರಲ್ಲ. ಸಾಲ ಮಾಹಿತಿ ಕಂಪನಿಗಳ 2005ರ ಕಾಯ್ದೆ ಪ್ರಕಾರ ಬ್ಯಾಂಕು, ಹಣಕಾಸು ಕಂಪನಿಗಳು ಕಳಿಸಿದ ಮಾಹಿತಿ ಮಾತ್ರ ಸೇರುತ್ತೆ. ಅದರಿಂದ 300ರಿಂದ 900ರೊಳಗೆ ಒಂದು ಅಂಕ ತೆಗೀತಾರೆ.

ಹುಡುಗಿ: ಅದನ್ನೇ ನಾನು ಹೇಳೋದು! ಬಚ್ಚಿಟ್ಟವನು ಪಾಸು. ಬ್ಯಾಂಕಿಗೆ ಹೋಗಿ, ಕಾಗದಕ್ಕೆ ಸಹಿ ಹಾಕಿ, ಎಲ್ಲರಿಗೂ ಕಾಣೋ ಹಾಗೆ ಸಾಲ ತಗೊಂಡು ಓದಿದವಳು ಫೇಲು.

ಮಾವ: ನಿನ್ನ ಮಾತಲ್ಲಿ ನ್ಯಾಯ ಇದೆ. ಆದರೆ ಕೋರ್ಟು ಏನು ಹೇಳಿದೆ ಅನ್ನೋದನ್ನೂ ತಿಳಕೋ. ಸ್ಟೇಟ್ ಬ್ಯಾಂಕ್ 2020ರಲ್ಲಿ ಸರ್ಕಲ್ ಬೇಸ್ಡ್ ಆಫೀಸರ್ ಹುದ್ದೆಗೆ ಕರೆದಿತ್ತು. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡ ದಾಖಲೆ ಇರೋರು ಅರ್ಹರಲ್ಲ ಅನ್ನೋ ಷರತ್ತು ಇತ್ತು. ತಮಿಳುನಾಡಿನ ಒಬ್ಬರು ಆಯ್ಕೆಯಾದರು, 2021ರಲ್ಲಿ ಸಿಬಿಲ್ ನೋಡಿ ನೇಮಕ ರದ್ದು ಮಾಡಿದರು. ಸಾಲ ಎಲ್ಲ ತೀರಿಸಿದ್ದೀನಿ ಅಂತ ಅವರ ವಾದ. 2025ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಮಾಲಾ ಅವರು ಬ್ಯಾಂಕಿನ ಕ್ರಮ ಸರಿ ಅಂದರು. ಸಾರ್ವಜನಿಕರ ದುಡ್ಡು ನೋಡಿಕೊಳ್ಳೋರಿಗೆ ತಮ್ಮ ದುಡ್ಡಿನಲ್ಲಿ ಶಿಸ್ತು ಇರಬೇಕು, ಷರತ್ತು ಒಪ್ಪಿ ಅರ್ಜಿ ಹಾಕಿದ ಮೇಲೆ ಅದನ್ನ ಪ್ರಶ್ನಿಸೋ ಹಾಗಿಲ್ಲ ಅನ್ನೋದು ತೀರ್ಪಿನ ಸಾರ.

ಹುಡುಗಿ: ತೀರಿಸಿದ ಮೇಲೂನಾ?

ಮಾವ: ಅಲ್ಲಿ ನೋಡಿದ್ದು ಹಳೇ ಚರಿತ್ರೆಯನ್ನೂ ಸೇರಿಸಿ. ನಿನ್ನದು ಬ್ಯಾಂಕುಗಳಿಗೆ ಒಟ್ಟಾಗಿ ಪರೀಕ್ಷೆ ನಡೆಸೋ ಐಬಿಪಿಎಸ್ ಮೂಲಕ ಬಂದದ್ದು, ಅಲ್ಲಿ ಸ್ವಲ್ಪ ಸಡಿಲ ಮಾಡಿದ್ದಾರೆ. ಕನಿಷ್ಠ ಇಷ್ಟು ಅಂಕ ಇರಲೇಬೇಕು ಅನ್ನೋದನ್ನ ತೆಗೆದಿದ್ದೀವಿ ಅಂತ ಹಣಕಾಸು ಖಾತೆಯ ರಾಜ್ಯ ಸಚಿವರು 2025ರಲ್ಲಿ ಸಂಸತ್ತಿಗೇ ಹೇಳಿದರು. ಉಳಿದಿರೋದು ನೀನು ಓದಿದ ಸಾಲು, ವರದಿ ಸರಿಪಡಿಸು, ಇಲ್ಲ ಎನ್‌ಒಸಿ ತಾ. ದಾರಿ ಇದೆ.

ಹುಡುಗಿ: ದಾರಿ ನಾನೂ ನೋಡಿಟ್ಟಿದ್ದೀನಿ. ನನ್ನ ಕಂತಿನ ಬಾಕಿ 38 ಸಾವಿರ, ಬೈಕಿಂದು 22 ಸಾವಿರ. ಗುಂಡ್ಲುಪೇಟೆಯಲ್ಲಿ ಒಬ್ಬರು ನಾಳೆನೇ 60 ಸಾವಿರ ಕೊಡ್ತೀನಿ ಅಂದಿದ್ದಾರೆ. ನೂರಕ್ಕೆ ಐದು ರೂಪಾಯಿ. ಸಂಬಳ ಬಂದ ಮೇಲೆ ತೀರಿಸಬಹುದು. ಒಂದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟರೆ ಸಾಕು ಅಂದರು.

ಮಾವ: ಕೊಟ್ಟಿದ್ದೀಯಾ?

ಹುಡುಗಿ: ಇನ್ನೂ ಇಲ್ಲ.

ಮಾವ: ಕೊಡಬೇಡ. ನೂರಕ್ಕೆ ಐದು ಅಂದರೆ ತಿಂಗಳಿಗೆ 3 ಸಾವಿರ ಬರೀ ಬಡ್ಡಿ, ವರ್ಷಕ್ಕೆ 36 ಸಾವಿರ, ಅಸಲು ಹಾಗೇ ಇರುತ್ತೆ. ಅದಕ್ಕಿಂತ ದೊಡ್ಡದು ಆ ಚೆಕ್ಕು. ಸಾಲ ತೀರಿಸೋಕಾಗದೆ ಇರೋದು ಸಿವಿಲ್ ವಿಷಯ, ಅದಕ್ಕೆ ಯಾರೂ ನಿನ್ನನ್ನ ಆರೋಪಿ ಅನ್ನಲ್ಲ. ಆದರೆ ಚೆಕ್ ಬೌನ್ಸ್ ಆಗಿ, ನೋಟಿಸ್ ಬಂದ 15 ದಿನದೊಳಗೆ ಹಣ ಕೊಡದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಬರುತ್ತೆ. ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಜೈಲು, ಇಲ್ಲ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲ ಎರಡೂ. ಸೇರುವಾಗ ತುಂಬೋ ದೃಢೀಕರಣ ನಮೂನೆಯಲ್ಲಿ 'ನಿಮ್ಮ ಮೇಲೆ ಕೋರ್ಟಿನಲ್ಲಿ ಕೇಸು ಇದೆಯೇ' ಅಂತ ಕೇಳ್ತಾರಲ್ಲ, ಅಲ್ಲಿ ಹೌದು ಅಂತ ಬರೀಬೇಕಾಗುತ್ತೆ. ನಿನ್ನ ಸಾಲ ಪೊಲೀಸ್ ವೆರಿಫಿಕೇಶನ್‌ಗೆ ಬಂದು ಸೇರೋದೇ ಆ ಚೆಕ್ಕಿನ ಬಾಗಿಲಿಂದ.

ಹುಡುಗಿ: ಬರೀದೆ ಬಿಟ್ಟರೆ?

ಮಾವ: ಅದು ಇನ್ನೂ ಕೆಟ್ಟದ್ದು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಇದನ್ನ ವಿವರವಾಗಿ ಬರೆದಿದ್ದಾರೆ. ಕೊಡೋ ಮಾಹಿತಿ ನಿಜ ಇರಬೇಕು. ಸಣ್ಣ ಪುಟ್ಟ ಕೇಸಾದರೆ, ಮುಚ್ಚಿಟ್ಟಿದ್ದರೂ, ಕೆಲಸ ಕೊಡೋರು ವಿವೇಚನೆಯಿಂದ ಮನ್ನಿಸಬಹುದು. ದೊಡ್ಡದನ್ನ ಮುಚ್ಚಿಟ್ಟದ್ದು ಗೊತ್ತಾದರೆ ಸೇರಿದ ಮೇಲೂ ತೆಗೀಬಹುದು. ಈಗ ಹೇಳು, ಎನ್‌ಒಸಿ ತರೋಕೆ ಅಂತ ನೀನು ಮೀಟರ್ ಬಡ್ಡಿಗೆ ಹೋದರೆ ಬ್ಯಾಂಕಿಗೆ ಸಿಗೋದು ಯಾರು? ಕಾಗದದಲ್ಲಿ ಚೊಕ್ಕ, ಒಳಗೆ ಹೆದರಿಕೊಂಡಿರೋ ಒಬ್ಬ ಕ್ಲರ್ಕ್. ಆ ಕ್ಯಾಷಿಯರ್ ಇದ್ದ ಜಾಗಕ್ಕೆ ಸರಿಯಾಗಿ ನಿನ್ನನ್ನ ತಂದು ನಿಲ್ಲಿಸುತ್ತೆ ಈ ನಿಯಮ. ಇದು ನನಗೆ ಇಷ್ಟು ದಿನ ಹೊಳೆದಿರಲಿಲ್ಲ.

ಹುಡುಗಿ: ಹಂಗಾದರೆ ನಿಯಮ ತಪ್ಪು ಅಂತ ಒಪ್ಪಿ.

ಮಾವ: ಕೇಳೋದು ತಪ್ಪಲ್ಲ, ಕೇಳೋ ರೀತಿ ತಪ್ಪು. ಅಮೆರಿಕದಲ್ಲಿ ಸರ್ಕಾರದ ಗುಟ್ಟಿನ ಕಡತ ಮುಟ್ಟೋ ಕೆಲಸಕ್ಕೆ ಭದ್ರತಾ ಅನುಮತಿ ಬೇಕು. ಎಸ್‌ಎಫ್ 86 ಅಂತ ಉದ್ದನೆಯ ನಮೂನೆ. ಹಿಂದಿನ ಏಳು ವರ್ಷದಲ್ಲಿ ದಿವಾಳಿ ಅರ್ಜಿ ಹಾಕಿದ್ದೀಯಾ, ತೆರಿಗೆ ರಿಟರ್ನ್ ಸಲ್ಲಿಸದೆ ಬಿಟ್ಟಿದ್ದೀಯಾ, ತೆರಿಗೆ ಕಟ್ಟದೆ ಇದ್ದೀಯಾ, 120 ದಿನ ಮೀರಿದ ಸಾಲ ಬಾಕಿ ಇದೆಯಾ, ಎಲ್ಲ ಕೇಳ್ತಾರೆ. ಅರ್ಜಿದಾರರನ್ನ ಅಳೆಯೋಕೆ 13 ಮಾನದಂಡ ಇವೆ, ಅದರಲ್ಲಿ ಒಂದು ಪೂರ್ತಿ ದುಡ್ಡಿನ ವಿಷಯ. 2017ರಿಂದ ಜಾರಿಯಲ್ಲಿರೋ ರೂಪ ಅದು. ಕಾರಣ ಏನು ಅಂದರೆ ಆಲ್ಡ್ರಿಚ್ ಏಮ್ಸ್‌ನಂಥವರು. ಸಿಐಎಯಲ್ಲಿದ್ದವನು, ವಿಚ್ಛೇದನ, ಸಾಲ ಅಂತ ಒದ್ದಾಡ್ತಾ 1985ರಲ್ಲಿ ಸೋವಿಯತ್ ರಾಯಭಾರ ಕಚೇರಿಗೆ ನಡೆದುಕೊಂಡು ಹೋಗಿ ಗುಟ್ಟು ಮಾರಿದ. ಸಿಕ್ಕಿಬಿದ್ದದ್ದು 1994ರಲ್ಲಿ.

ಹುಡುಗಿ: ಒಂಬತ್ತು ವರ್ಷ! ಸಾಲಗಾರನನ್ನ ಹಿಡಿಯೋ ನಮೂನೆ ಅವನನ್ನ ಯಾಕೆ ಹಿಡೀಲಿಲ್ಲ?

ಮಾವ: ಯಾಕೆಂದರೆ ಅಷ್ಟೊತ್ತಿಗೆ ಅವನು ಸಾಲಗಾರನೇ ಅಲ್ಲ. ಪೂರ್ತಿ ನಗದು ಕೊಟ್ಟು ಮನೆ ಕೊಂಡ, ಜಾಗ್ವಾರ್ ಕಾರಿನಲ್ಲಿ ಕಚೇರಿಗೆ ಬರ‍್ತಿದ್ದ. ಅದಕ್ಕೇ ಈಗ ಲೆಕ್ಕ ಕೊಡಲಾಗದ ಸಿರಿವಂತಿಕೆಯನ್ನೂ ಅದೇ ಮಾನದಂಡದೊಳಗೆ ಸೇರಿಸಿದ್ದಾರೆ. ಅಲ್ಲಿ ನನಗೆ ಮೆಚ್ಚುಗೆಯಾದದ್ದು ಇನ್ನೊಂದು ಭಾಗ. ಸಾಲ ಯಾಕಾಯ್ತು ಅಂತ ಕೇಳ್ತಾರೆ. ಕೆಲಸ ಹೋಯ್ತಾ, ವ್ಯಾಪಾರ ಬಿತ್ತಾ, ಕಾಯಿಲೆ ಬಂತಾ, ಮನೇಲಿ ಸಾವಾಯ್ತಾ, ಆಮೇಲೆ ನೀನು ಹೊಣೆಯಿಂದ ನಡಕೊಂಡೆಯಾ, ಸಾಲ ಕೊಟ್ಟವರ ಜೊತೆ ಮಾತಾಡಿ ಕಂತು ಮಾಡಿಕೊಂಡೆಯಾ. ಇವಕ್ಕೆ ಉತ್ತರ ಇದ್ದರೆ ಬಾಕಿ ಇದ್ದರೂ ಅನುಮತಿ ಸಿಗಬಹುದು. ತೆರಿಗೆ ವಿಷಯದಲ್ಲಿ ಮಾತ್ರ ಬಿಗಿ. ಕಟ್ಟೋಕೆ ದುಡ್ಡಿಲ್ಲದವನನ್ನ ಅರ್ಥ ಮಾಡಿಕೋಬಹುದು, ಆದರೆ ರಿಟರ್ನ್ ಸಲ್ಲಿಸೋಕೆ ದುಡ್ಡು ಬೇಡವಲ್ಲ.

ಹುಡುಗಿ: ನಮ್ಮಲ್ಲೂ ಹಾಗೆ ಕೇಳಬಾರದಾ?

ಮಾವ: ಕೇಳ್ತಾರೆ ಕಣವ್ವ, ಅದೇ ವಿಚಿತ್ರ. ಕೇಂದ್ರ ಸರ್ಕಾರಿ ನೌಕರರಿಗೆ 1964ರ ನಡತೆ ನಿಯಮಗಳು ಇವೆ. 17ನೇ ನಿಯಮ ತೆಗೆದು ನೋಡು. ನೌಕರ ತನ್ನ ಮನೆಯ ವ್ಯವಹಾರವನ್ನ ಸದಾ ಸಾಲದಲ್ಲಿ ಮುಳುಗದ ಹಾಗೆ, ದಿವಾಳಿಯಾಗದ ಹಾಗೆ ನೋಡಿಕೋಬೇಕು. ಸಾಲ ವಸೂಲಿಗೆ ಯಾರಾದರೂ ಕೋರ್ಟಿಗೆ ಹೋದರೆ ತಕ್ಷಣ ಸರ್ಕಾರಕ್ಕೆ ಪೂರ್ತಿ ವಿವರ ತಿಳಿಸಬೇಕು. ಕೆಳಗೆ ಒಂದು ಟಿಪ್ಪಣಿ ಇದೆ. ಆ ಸಾಲ ತನ್ನ ಕೈಮೀರಿದ ಸಂದರ್ಭದಿಂದ ಬಂದದ್ದು, ದುಂದುಗಾರಿಕೆಯಿಂದ, ಕೆಟ್ಟ ಚಟದಿಂದ ಬಂದದ್ದಲ್ಲ ಅಂತ ತೋರಿಸೋ ಹೊಣೆ ನೌಕರನದ್ದು. ಹೊಣೆ ಅವನ ಮೇಲೇ ಹಾಕಿದ್ದಾರೆ, ಇರಲಿ. ಆದರೆ ತೋರಿಸೋ ಅವಕಾಶ ಇದೆಯಲ್ಲ! ಈರುಳ್ಳಿ ರೇಟು ಬಿದ್ದದ್ದಕ್ಕೂ ಆನ್‌ಲೈನ್ ರಮ್ಮಿ ಆಡಿದ್ದಕ್ಕೂ ವ್ಯತ್ಯಾಸ ಇದೆ ಅಂತ ನಮ್ಮ ನಿಯಮಕ್ಕೆ ಅರವತ್ತು ವರ್ಷದ ಹಿಂದೆಯೇ ಗೊತ್ತಿತ್ತು.

ಹುಡುಗಿ: ಅದು ಒಳಗೆ ಸೇರಿದವರಿಗೆ. ಬಾಗಿಲಲ್ಲಿ ನಿಂತವರಿಗೆ ಅಂಕ ಮಾತ್ರ.

ಮಾವ: ಹೌದು. ಆ ಟಿಪ್ಪಣಿಯನ್ನ ಬಾಗಿಲಿಗೂ ತರಬೇಕು. ನೇಮಕ ರದ್ದು ಮಾಡೋಕೆ ಮುಂಚೆ ಒಂದು ನೋಟಿಸು ಕೊಡಲಿ, 'ಇದು ಹೇಗಾಯ್ತು, ಏನು ಮಾಡ್ತಿದ್ದೀ' ಅಂತ ಕೇಳಲಿ. ಬ್ಯಾಂಕಿಗೆ ಅದರಿಂದ ನಷ್ಟ ಇಲ್ಲ. ಉತ್ತರ ಓದಿದರೆ ಮನುಷ್ಯ ಎಂಥವನು ಅಂತ ಅಂಕಕ್ಕಿಂತ ಚೆನ್ನಾಗಿ ತಿಳಿಯುತ್ತೆ.

ಹುಡುಗಿ: ನಮ್ಮ ಜಿಲ್ಲೇಲಿ ಇದು ಇನ್ನೂ ಹೆಚ್ಚು ಬೇಕು ಮಾವ. 2025ರ ಜನವರಿಯಲ್ಲಿ ಚಾಮರಾಜನಗರ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟು ಹೋದರಲ್ಲ. ಮೈಕ್ರೋಫೈನಾನ್ಸ್‌ನವರು ಬಾಗಿಲಲ್ಲಿ ಬಂದು ಕೂರೋದು ತಡೀಲಾರದೆ. ಅವರ ಮಕ್ಕಳಲ್ಲೂ ಯಾರಾದರೂ ಬ್ಯಾಂಕ್ ಪರೀಕ್ಷೆಗೆ ಓದ್ತಿರ‍್ತಾರೆ. ಅವ್ವನ ಸಂಘ ಸೇರೋದು ನಮ್ಮ ಪಕ್ಕದ ಮನೆ ಜಗಲಿ ಮೇಲೆ. ವಾರದ ಕಂತಿನ ದಿನ ಬೆಳಗ್ಗೆ ಹೆಂಗಸರೆಲ್ಲ ಸಾಲಾಗಿ ಕೂತ್ಕೋತಾರೆ, ಪಾಸ್‌ಬುಕ್ ಮಡಿಲಲ್ಲಿ. ಒಬ್ಬಳ ದುಡ್ಡು ಕಮ್ಮಿ ಬಿದ್ದರೆ ಉಳಿದವರು ಎದ್ದು ಹೋಗೋ ಹಾಗಿಲ್ಲ. ಅವಳು ಬೀದಿ ಬೀದಿ ತಿರುಗಿ 200 ರೂಪಾಯಿ ಹೊಂದಿಸಿಕೊಂಡು ಬರೋವರೆಗೂ ಎಲ್ಲರೂ ಅವಳ ದಾರಿ ಕಾಯ್ತಾ ಕೂತಿರಬೇಕು. ಅಂಥಾ ಅವಮಾನ ತಪ್ಪಿಸೋಕೇ ನಾನು ನನ್ನ ಟ್ಯೂಷನ್ ದುಡ್ಡು ಅವ್ವನಿಗೆ ಕೊಟ್ಟೆ. ನನ್ನ ಕಂತು ನಿಂತದ್ದು ಅದಕ್ಕೂ ಹೌದು. ಸಿಬಿಲ್‌ನಲ್ಲಿ ಇದನ್ನ ಬರೆಯೋಕೆ ಕಾಲಂ ಎಲ್ಲಿದೆ?

ಮಾವ: ಇಲ್ಲ. ಕಾನೂನು ಮೈಕ್ರೋಫೈನಾನ್ಸ್ ಕಡೆಗೆ ಸ್ವಲ್ಪ ನೋಡಿತು. ಆ ಗಲಾಟೆ ಆದ ಮೇಲೆ ಫೆಬ್ರುವರಿಯಲ್ಲೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿ ಆಮೇಲೆ ಅಂಕಿತ ಹಾಕಿದರು. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮೀರಿಸಿ ಕೊಟ್ಟವರದ್ದೂ ತಪ್ಪೇ. ಆದರೆ ವರದಿಯಲ್ಲಿ ಚುಕ್ಕೆ ಬೀಳೋದು ತಗೊಂಡವರಿಗೆ ಮಾತ್ರ.

ಹುಡುಗಿ: ಇನ್ನೊಂದು ಸಿಟ್ಟು ಇದೆ. ವಿಧಾನಸಭೆಗೆ ನಿಲ್ಲೋರು ಅಫಿಡವಿಟ್‌ನಲ್ಲಿ ಕೋಟಿಗಟ್ಟಲೆ ಸಾಲ, ತೆರಿಗೆ ಬಾಕಿ ಬರೀತಾರೆ. ಅವರಿಗೆ ಯಾರೂ ಸಿಬಿಲ್ ಕೇಳಲ್ಲ.

ಮಾವ: ಕೋರ್ಟು ದಿವಾಳಿ ಅಂತ ಘೋಷಿಸಿ ಅದರಿಂದ ಬಿಡುಗಡೆಯಾಗದವರಿಗೆ ಸಂವಿಧಾನದ 191ನೇ ವಿಧಿ ಅಡ್ಡ ಬರುತ್ತೆ. ಬರೀ ಸಾಲ ಅಡ್ಡ ಬರಲ್ಲ. ಆದರೆ ಅವರೂ ಬಾಕಿಯನ್ನ ಬರೆದು ಎಲ್ಲರ ಮುಂದೆ ಇಡಲೇಬೇಕು, ಆಮೇಲೆ ನೋಡಿ ತೀರ್ಮಾನಿಸೋದು ಮತದಾರರು. ತಮಾಷೆ ಅಲ್ಲ, ಪಂಚಾಯ್ತಿಗೆ ಬಂದರೆ ಇನ್ನೂ ಬಿಗಿ. ಪಂಚಾಯ್ತಿಗೆ ಸಲ್ಲಬೇಕಾದ ಬಾಕಿ ಉಳಿಸಿಕೊಂಡವರಿಗೆ 1993ರ ಕಾಯ್ದೆ ಅಡ್ಡ ಬರುತ್ತೆ. ನಾಮಪತ್ರದ ಕಾಲ ಬಂದಾಗ ಬೇಬಾಕಿ ಪತ್ರಕ್ಕೆ ಜನ ಓಡಾಡ್ತಾರೆ ನೋಡು, ವರ್ಷಗಟ್ಟಲೆ ನಿಂತಿದ್ದ ಮನೆ ಕಂದಾಯ ಒಂದೇ ವಾರದಲ್ಲಿ ಜಮಾ.

ಹುಡುಗಿ: ಅಣ್ಣನಿಗೆ ಯಾರೋ ಹೇಳಿದ್ದಾರೆ, ಸಾಲ ಇದ್ದರೆ ಪಾಸ್‌ಪೋರ್ಟೂ ಕೊಡಲ್ಲ ಅಂತ. ದುಬೈಗೆ ಹೋಗಬೇಕು ಅಂತಿದ್ದವನು ಸುಮ್ಮನಾಗಿದ್ದಾನೆ.

ಮಾವ: ಬೈಕ್ ಸಾಲಕ್ಕೆ ಪಾಸ್‌ಪೋರ್ಟ್ ನಿಲ್ಲಲ್ಲ. ಪೊಲೀಸರು ನೋಡೋದು ಕ್ರಿಮಿನಲ್ ಕೇಸು. ದೊಡ್ಡ ಸಾಲಗಾರರು ದೇಶ ಬಿಡದ ಹಾಗೆ ತಡೆಯೋ ಸುತ್ತೋಲೆ ಹೊರಡಿಸಿ ಅಂತ ಸರ್ಕಾರಿ ಬ್ಯಾಂಕುಗಳೇ ಕೇಳಬಹುದಿತ್ತು, ಆ ಅಧಿಕಾರವನ್ನೂ 2024ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ತೆಗೆದುಹಾಕಿತು. ವಿದೇಶಕ್ಕೆ ಹೋಗೋಕೆ ಆದಾಯ ತೆರಿಗೆಯವರ ಅನುಮತಿ ಪತ್ರ ಬೇಕು ಅಂತ ಆ ವರ್ಷವೇ ಗಾಳಿಸುದ್ದಿ ಎದ್ದಿತ್ತು. ಅದು 10 ಲಕ್ಷ ಮೀರಿದ ತೆರಿಗೆ ಬಾಕಿ ಇರೋರಂಥ ಅಪರೂಪದ ಪ್ರಕರಣಕ್ಕೆ ಮಾತ್ರ ಅಂತ ಇಲಾಖೆಯೇ ಸ್ಪಷ್ಟಪಡಿಸಿತು. ಅವನಿಗೆ ಹೇಳು.

ಹುಡುಗಿ: ನೀವು ಹೇಳಿದ ಹಾಗೆ ದುಡ್ಡಿನ ಇಕ್ಕಟ್ಟಿಗೆ ಗುಟ್ಟು ಮಾರಿದವರು ನಮ್ಮ ಕಡೆ ಇಲ್ಲವಾ?

ಮಾವ: 2025ರ ಫೆಬ್ರುವರಿಯಲ್ಲಿ ಕಾರವಾರ ನೌಕಾನೆಲೆಯ ಮಾಹಿತಿ ಹೊರಗೆ ಕೊಟ್ಟರು ಅಂತ ಉತ್ತರ ಕನ್ನಡದ ಇಬ್ಬರನ್ನ ಎನ್‌ಐಎ ಹಿಡೀತು. ಹಣಕ್ಕೆ ಮಾಡಿದರು ಅನ್ನೋದು ಆರೋಪ, ತೀರ್ಪು ಕೋರ್ಟಿಗೆ ಬಿಟ್ಟದ್ದು. ಅದಕ್ಕೇ ನಾನು ಕೇಳೋದು ತಪ್ಪಲ್ಲ ಅಂದದ್ದು. ದುಡ್ಡಿಗೆ ಹೆದರಿಕೊಂಡಿರೋನ ಹತ್ರ ಯಾರಾದರೂ ಬಂದೇ ಬರ‍್ತಾರೆ. ಆ ಹೆದರಿಕೆ ಕಡಿಮೆ ಮಾಡೋದು ಸಾಲವನ್ನ ಬಾಯಿಬಿಟ್ಟು ಹೇಳಿಕೊಳ್ಳೋಕೆ ಜಾಗ ಕೊಟ್ಟಾಗ. ನನ್ನ ಕ್ಯಾಷಿಯರ್ ಒಂದು ದಿನ ನನ್ನ ಛೇಂಬರಿಗೆ ಬಂದು 'ಸಾರ್, ಸಿಕ್ಕಿಹಾಕಿಕೊಂಡಿದ್ದೀನಿ' ಅಂದಿದ್ದರೆ ಸಂಬಳದ ಮೇಲೆ ಸಾಲ ಮಾಡಿಸಿ ಬಡ್ಡಿಯವನನ್ನ ಬಿಡಿಸಬಹುದಿತ್ತು. ಹೇಳಿದರೆ ಕೆಲಸ ಹೋಗುತ್ತೆ ಅಂತ ಅವನು ಹೇಳಲಿಲ್ಲ.

ಹುಡುಗಿ: ನಾನು ಹೇಳ್ತಿದ್ದೀನಲ್ಲ ಈಗ. ಏನು ಮಾಡಲಿ?

ಮಾವ: ಮೊದಲು ನಿನ್ನ ವರದಿ ತೆಗಿ. ಸಿಬಿಲ್ ಸೇರಿ ದೇಶದಲ್ಲಿ ನಾಲ್ಕು ಸಂಸ್ಥೆ ಇವೆ, ವರ್ಷಕ್ಕೆ ಒಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ತಪ್ಪು ಇದ್ದರೆ ದೂರು ಹಾಕು, 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಫೈನಾನ್ಸ್‌ನವರು 'ಅರ್ಧ ಕಟ್ಟಿ, ಸೆಟಲ್ ಮಾಡ್ತೀವಿ' ಅಂದರೆ ಒಪ್ಪಬೇಡ, ವರದಿಯಲ್ಲಿ ಸೆಟಲ್ಡ್ ಅಂತ ಉಳಿದುಬಿಡುತ್ತೆ, ಅದು ಪೂರ್ತಿ ತೀರಿಸಿದ ಹಾಗಲ್ಲ. ಕಂತಿನ ಬಾಕಿಯಷ್ಟನ್ನ ಕಟ್ಟಿ ಖಾತೆ ರೆಗ್ಯುಲರ್ ಮಾಡಿಸು. ನಿನ್ನ ಲೋನ್ 90 ದಿನ ಮೀರಿದೆಯಾ?

ಹುಡುಗಿ: ಈ ತಿಂಗಳು ಕೊನೆಗೆ ಮೀರುತ್ತೆ.

ಮಾವ: ಹಂಗಾದರೆ ಸೋಮವಾರವೇ ಹೋಗು, ವಸೂಲಾಗದ ಸಾಲ ಅಂತ ಎನ್‌ಪಿಎ ಆಗೋಕೆ ಬಿಡಬೇಡ. 60 ಸಾವಿರ ನಾನು ಕೊಡ್ತೀನಿ.

ಹುಡುಗಿ: ಬೇಡ ಮಾವ, ಅವ್ವ ಒಪ್ಪಲ್ಲ.

ಮಾವ: ಸುಮ್ಮನೆ ಕೊಡ್ತಿಲ್ಲ, ಬರೆದು ಸಹಿ ಹಾಕಿ ತಗೋ, ಸಂಬಳದಲ್ಲಿ ತಿಂಗಳಿಗೆ 5 ಸಾವಿರ ಕೊಡು, ವರ್ಷಕ್ಕೆ ತೀರುತ್ತೆ. ಅಕ್ಕನ ಹತ್ರ ನಾನೇ ಮಾತಾಡ್ತೀನಿ. ಕಟ್ಟಿದ ರಸೀದಿ, ಶಾಖೆಯಿಂದ ಪತ್ರ, ಎರಡನ್ನೂ ತಗೊಂಡು ನೀನು ಸೇರೋ ಬ್ಯಾಂಕಿನ ಸಿಬ್ಬಂದಿ ವಿಭಾಗಕ್ಕೆ ಅವರು ಕೇಳೋಕೆ ಮುಂಚೆ ಬರೆದು ಕಳಿಸು. ಯಾವ ತಿಂಗಳು ಕಂತು ತಪ್ಪಿತು, ಯಾಕೆ ತಪ್ಪಿತು, ಯಾವತ್ತು ಕಟ್ಟಿದೆ. ಒಂದು ಪುಟ ಸಾಕು, ಅಳಲು ಬೇಡ, ತಾರೀಕು ಮತ್ತು ಮೊತ್ತ ಇರಲಿ.

ಹುಡುಗಿ: ಅವ್ವನ ಸಂಘಕ್ಕೆ ಟ್ಯೂಷನ್ ದುಡ್ಡು ಕೊಟ್ಟದ್ದನ್ನ ಬರೀಲಾ?

ಮಾವ: ಬರಿ. ಅದು ನಿಜ ತಾನೆ?

ಹುಡುಗಿ: ನಿಮ್ಮ ಹತ್ರ ಕೈಸಾಲ ತಗೊಂಡದ್ದನ್ನ? ಅದು ಸಿಬಿಲ್‌ನಲ್ಲಿ ಬರಲ್ಲವಲ್ಲ.

ಮಾವ: ಅದನ್ನೂ ಬರಿ. ಜಾಮೀನಿನ ವಿಷಯ ಮೊದಲ ಪ್ಯಾರಾದಲ್ಲೇ ಇರಲಿ, ಅಣ್ಣನ ಮೇಲೆ ಹಾಕಬೇಡ, ಸಹಿ ನಿನ್ನದು.